ಗ್ರಂಥಾಲಯ ಕೈಬಿಟ್ಟ ರೆಫರೆನ್ಸ್ ಪುಸ್ತಕಗಳು: ಯಾವುದನ್ನು ಮನೆಗೆ ತರಬೇಕು, ಯಾವುದನ್ನು ಅಲ್ಲೇ ಬಿಡಬೇಕು

ಸಾಗರ ತಾಲ್ಲೂಕಿನಲ್ಲಿ ನಮ್ಮಜ್ಜಿ ಹುಟ್ಟಿದ ಊರು ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಎಷ್ಟೋ ಹಳ್ಳಿಗಳು ನೀರಿನ ಕೆಳಗೆ ಹೋದವು. ಅಜ್ಜಿಯ ಊರೂ ಅದರಲ್ಲಿ ಒಂದು. ಅಮ್ಮ ಊರಿನ ಹೆಸರು ಹೇಳುತ್ತಿದ್ದರು, ಹಿನ್ನೀರಿನ ಕಡೆ ಕೈ ತೋರಿಸುತ್ತಿದ್ದರು. ನಮಗೆ ಗೊತ್ತಿದ್ದದ್ದು ಅಷ್ಟೇ.

ಕೆಲವು ವರ್ಷಗಳ ಹಿಂದೆ ಹಳೇ ಪುಸ್ತಕದ ರಾಶಿಯೊಂದರಲ್ಲಿ 1951ರ ಶಿವಮೊಗ್ಗ ಜಿಲ್ಲೆಯ ಸೆನ್ಸಸ್ ಹ್ಯಾಂಡ್‌ಬುಕ್ ಸಿಕ್ಕಿತು. ಮಾಸಿದ ಕೆಂಪು ರೆಕ್ಸಿನ್ ಬೈಂಡಿಂಗ್. ಮೊದಲ ಪುಟದಲ್ಲಿ ಗ್ರಂಥಾಲಯದ ಸೀಲು, ಅದರ ಮೇಲೆ ಅಡ್ಡಕ್ಕೆ 'ರದ್ದು' ಅಂತ ಇನ್ನೊಂದು ಸೀಲು. ಸಾಗರ ತಾಲ್ಲೂಕಿನ ಪಟ್ಟಿ ತೆಗೆದು ಬೆರಳಿಟ್ಟುಕೊಂಡು ಇಳಿಯುತ್ತಾ ಹೋದೆ. ಊರು ಸಿಕ್ಕಿತು. ಇದ್ದದ್ದು ಒಂದೇ ಸಾಲು. ಎಷ್ಟು ಮನೆ, ಎಷ್ಟು ಜನ, ಅದರಲ್ಲಿ ಹೆಂಗಸರೆಷ್ಟು, ಓದು ಬರಹ ಬಂದವರೆಷ್ಟು, ಸ್ವಂತ ಜಮೀನು ಮಾಡಿಕೊಂಡವರೆಷ್ಟು, ಗೇಣಿಗೆ ಮಾಡುವವರೆಷ್ಟು. ಆ ಸಾಲನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಪ್ರತಿ ಅಂಕಿಯನ್ನೂ ಇನ್ನೊಮ್ಮೆ ಹೇಳು ಅಂದರು.

ಅಲ್ಲಿಂದ ಈ ಹುಡುಕಾಟ ನನಗೆ ಹತ್ತಿಕೊಂಡಿತು. ಮೊದಲ ಎರಡು ವರ್ಷ ಕಂಡದ್ದನ್ನೆಲ್ಲ ಹೊತ್ತು ತಂದೆ. ಅರ್ಧಕ್ಕರ್ಧ ಮತ್ತೆ ಹೊರಗೆ ಹಾಕಬೇಕಾಯಿತು. ಈಗ ಯಾವ ಪುಸ್ತಕ ಕೈಗೆತ್ತಿಕೊಂಡರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರ ಹೊಸ ಆವೃತ್ತಿ ಬಂದ ಮೇಲೂ, ಇಂಟರ್ನೆಟ್ ಬಂದ ಮೇಲೂ, ಇದರಲ್ಲಿ ಮಾತ್ರ ಉಳಿದಿರುವುದು ಏನು? ಉತ್ತರ ಇದ್ದರೆ ತರುತ್ತೇನೆ. ಮುಂದಿನ ಹೋಲಿಕೆಗಳೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟಿದವು.

ಗೆಜೆಟಿಯರ್, ನಿಘಂಟು, ವಿಶ್ವಕೋಶ: ಮೊದಲು ಯಾವುದು?

ನನ್ನ ಲೆಕ್ಕದಲ್ಲಿ ಮೊದಲ ಜಾಗ ಗೆಜೆಟಿಯರ್‌ಗೆ, ಅಂದರೆ ಒಂದು ಸೀಮೆಯ ಇತಿಹಾಸ, ಆಡಳಿತ, ಊರುಗಳ ವಿವರವನ್ನೆಲ್ಲ ಒಟ್ಟಿಗೆ ಕೊಡುವ ಸರ್ಕಾರಿ ಗ್ರಂಥಕ್ಕೆ. ಯಾಕೆಂದರೆ ಹೊಸ ಗೆಜೆಟಿಯರ್ ಬಂದರೂ ಹಳೆಯದು ಸುಳ್ಳಾಗುವುದಿಲ್ಲ. ಅದು ತನ್ನ ಕಾಲಕ್ಕೆ ಸಾಕ್ಷಿಯಾಗಿ ಉಳಿಯುತ್ತದೆ. ಲೂಯಿಸ್ ರೈಸ್ ಅವರ ಮೈಸೂರು ಗೆಜೆಟಿಯರ್‌ನ ಪರಿಷ್ಕೃತ ಆವೃತ್ತಿ 1897ರದು. ಆಗ ಶಿವನಸಮುದ್ರದ ವಿದ್ಯುತ್ ಇರಲಿಲ್ಲ, ಅದು ಬಂದದ್ದು 1902ರಲ್ಲಿ. ಕನ್ನಂಬಾಡಿ ಕಟ್ಟೆಯ ಮಾತೇ ಇರಲಿಲ್ಲ. ಸಿ. ಹಯವದನರಾಯರ ಗೆಜೆಟಿಯರ್ 1927ರಿಂದ 1930ರವರೆಗೆ ಬಂತು. ಆ ಹೊತ್ತಿಗೆ ಕಟ್ಟೆ ಕೆಲಸ ಇನ್ನೂ ನಡೆಯುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಮೂವತ್ತು ವರ್ಷದಲ್ಲಿ ಒಂದು ಸೀಮೆ ಹೇಗೆ ಬದಲಾಯಿತು ಅಂತ ಕಣ್ಣಿಗೆ ಕಾಣುತ್ತದೆ. ಈ ಓದಿಗೆ ಹಳೆಯ ಆವೃತ್ತಿಯೇ ಬೇಕು.

ಆದರೆ 'ಗೆಜೆಟಿಯರ್ ಬೇಕು' ಅಂತ ಸುಮ್ನೆ ಹೊರಟರೆ ಆಗುವುದಿಲ್ಲ. ನಿಮ್ಮ ಊರು ಬ್ರಿಟಿಷರ ಕಾಲದಲ್ಲಿ ಯಾರ ಆಡಳಿತದಲ್ಲಿತ್ತು ಅನ್ನುವುದನ್ನು ಮೊದಲು ನೋಡಿಕೊಳ್ಳಬೇಕು. ಹಳೇ ಮೈಸೂರಿನವರಾದರೆ ರೈಸ್ ಮತ್ತು ಹಯವದನರಾವ್. ಕೊಡಗಿನವರಾದರೆ ರೈಸ್ ಅವರ ಮೊದಲ ಆವೃತ್ತಿಯ ಮೂರನೇ ಸಂಪುಟ, 1878ರದು. ಬೆಳಗಾವಿ, ಧಾರವಾಡ, ವಿಜಯಪುರದವರು ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ 21, 22, 23ನೇ ಸಂಪುಟ ಹುಡುಕಬೇಕು. ಮೂರೂ 1884ರಲ್ಲಿ ಬಂದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬಾಂಬೆಗೆ ಸೇರಿದ್ದರಿಂದ ಅದೂ ಇದೇ ಮಾಲೆಯಲ್ಲಿದೆ. ಅದು 15ನೇ ಸಂಪುಟ, 1883, ಎರಡು ಭಾಗ. ಮಂಗಳೂರು, ಉಡುಪಿ ಕಡೆಯವರಿಗೆ ಮದ್ರಾಸ್ ಸರ್ಕಾರದ ಸೌತ್ ಕೆನರಾ ಮ್ಯಾನ್ಯುಯಲ್, 1894–95. ಬಳ್ಳಾರಿಗೆ 1904ರ ಮದ್ರಾಸ್ ಜಿಲ್ಲಾ ಗೆಜೆಟಿಯರ್. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಸಂಸ್ಥಾನದಲ್ಲಿದ್ದವು, ಹಾಗಾಗಿ ಇಂಪೀರಿಯಲ್ ಗೆಜೆಟಿಯರ್‌ನ ಪ್ರಾಂತೀಯ ಮಾಲೆಯ ಹೈದರಾಬಾದ್ ಸಂಪುಟವೇ ಗತಿ. ಅದು 1909ರದು.

ಇಷ್ಟು ಹಳೆಯವು ಬೀದಿಬದಿಯ ರಾಶಿಯಲ್ಲಿ ಸಿಗುವುದು ಅಪರೂಪ. ಸುಲಭವಾಗಿ ಸಿಗುವುದು ಸ್ವಾತಂತ್ರ್ಯದ ನಂತರ ರಾಜ್ಯ ಸರ್ಕಾರ ಜಿಲ್ಲೆಗೊಂದರಂತೆ ತಂದ ದಪ್ಪ ಸಂಪುಟಗಳು. ಕೊಡಗಿನದು 1965, ಶಿವಮೊಗ್ಗದ್ದು 1975, ಉತ್ತರ ಕನ್ನಡದ್ದು 1985. ಕಾಲೇಜು ಗ್ರಂಥಾಲಯಗಳು ಇವನ್ನು ಧಾರಾಳವಾಗಿ ತರಿಸಿಕೊಂಡಿದ್ದವು, ಈಗ ಜಾಗ ಸಾಲದೆ ಬಿಡುತ್ತಿವೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಜಿಲ್ಲೆಯ ಈ ಸಂಪುಟವನ್ನು ಮೊದಲು ತನ್ನಿ. ಬೇರೆಯದೆಲ್ಲ ಆಮೇಲೆ.

ಜೊತೆಗೆ ಸೆನ್ಸಸ್ ಹ್ಯಾಂಡ್‌ಬುಕ್. ಇದನ್ನು ಸಂಗ್ರಾಹಕರು ತಿರುಗಿಯೂ ನೋಡುವುದಿಲ್ಲ. ಬರೀ ಅಂಕಿ, ಚಿತ್ರವಿಲ್ಲ, ಚಂದದ ಬೈಂಡಿಂಗ್ ಇಲ್ಲ. ಆದರೆ ಗೆಜೆಟಿಯರ್‌ನಲ್ಲಿ ದೇವಸ್ಥಾನವೋ ಸಂತೆಯೋ ಇರುವ ಊರಿಗೆ ಮಾತ್ರ ಜಾಗ. ಸೆನ್ಸಸ್‌ನಲ್ಲಿ ಹತ್ತು ಮನೆಯ ಊರಿಗೂ ಒಂದು ಸಾಲಿದೆ. ಮುಳುಗಡೆಯ ಊರುಗಳಿಗೆ, ಹೆಸರು ಬದಲಾದ ಊರುಗಳಿಗೆ, ಪಟ್ಟಣದ ಹೊಟ್ಟೆಗೆ ಸೇರಿಹೋದ ಊರುಗಳಿಗೆ ಎಷ್ಟೋ ಸಲ ಉಳಿದಿರುವ ಅಚ್ಚಿನ ದಾಖಲೆ ಅದೊಂದೇ. ತೂಕದ ಲೆಕ್ಕದಲ್ಲಿ ಮಾರಿದರೂ ಕೊಳ್ಳುವವರಿಲ್ಲ. ದಯವಿಟ್ಟು ನೀವು ಕೊಳ್ಳಿ.

ನಿಘಂಟಿನ ಮಾತು ಬೇರೆ. ಇಲ್ಲಿ 'ಯಾವ ಕೆಲಸಕ್ಕೆ' ಅನ್ನುವುದೇ ಮುಖ್ಯ. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್‌ನಿಂದ 1894ರಲ್ಲಿ ಹೊರಬಂತು. ಸುಮಾರು 70,000 ಪದ. ಒಂದು ಪದದ ಪಕ್ಕದಲ್ಲೇ ತಮಿಳು, ತೆಲುಗು, ತುಳು, ಮಲೆಯಾಳದ ಸೋದರ ಪದಗಳು, ಜನರ ಬಾಯಲ್ಲಿದ್ದ ಗಾದೆಗಳು. ಇದನ್ನೇ ಮರಿಯಪ್ಪ ಭಟ್ಟರು ಪರಿಷ್ಕರಿಸಿ ಹಿಗ್ಗಿಸಿದ್ದನ್ನು ಮದ್ರಾಸ್ ವಿಶ್ವವಿದ್ಯಾಲಯ 1968–71ರಲ್ಲಿ ನಾಲ್ಕು ಸಂಪುಟವಾಗಿ ತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟ, ಒಂಬತ್ತು ಸಾವಿರಕ್ಕೂ ಹೆಚ್ಚು ಪುಟ. ಮೊದಲ ಸಂಪುಟ 1970ರಲ್ಲಿ, ಕೊನೆಯದು 1995ರಲ್ಲಿ.

ಹಳಗನ್ನಡ ಓದುವವರಿಗೆ, ಶಾಸನ ನೋಡುವವರಿಗೆ ಪರಿಷತ್ತಿನದಕ್ಕೆ ಸಾಟಿ ಇಲ್ಲ. ಪದ ಎಲ್ಲಿ ಬಳಕೆಯಾಗಿದೆ ಅಂತ ಕಾವ್ಯದ, ಶಾಸನದ ಸಾಲನ್ನೇ ಎತ್ತಿ ಕೊಡುತ್ತದೆ. ಆದರೆ ಎಂಟು ಸಂಪುಟಕ್ಕೆ ಇಡೀ ಒಂದು ಅಡ್ಡಹಲಗೆ ಬೇಕು. ಮನೆಮಾತಿನ ಹಳೇ ಪದ, ಹೊಲದ ಪದ, ಅಜ್ಜಿ ಆಡುತ್ತಿದ್ದ ಪದ ಹುಡುಕುವವರಿಗೆ ಕಿಟ್ಟೆಲ್ ಸಾಕು. ನಾನು ದಿನಾ ತೆಗೆಯುವುದು ಅದನ್ನೇ. ಮದ್ರಾಸಿನ ನಾಲ್ಕು ಸಂಪುಟ ಇವೆರಡರ ನಡುವಿನದು. ಅಕ್ಷರ ದೊಡ್ಡದಾಗಿ ಓದಲು ಹಿತ. ಪೂರ್ತಿ ಸೆಟ್ ಸಿಕ್ಕರೆ ಬಿಡಬೇಡಿ. ಬರೀ ಅರ್ಥ ನೋಡುವುದಷ್ಟೇ ನಿಮ್ಮ ಕೆಲಸವಾದರೆ ಯಾವ ಹಳೇ ನಿಘಂಟೂ ಬೇಡ. ಫೋನಿನಲ್ಲಿ 'ಅಲರ್' ಇದೆ, ಒಂದೂವರೆ ಲಕ್ಷಕ್ಕೂ ಜಾಸ್ತಿ ಪದ, ಉಚಿತ.

ವಿಶ್ವಕೋಶವನ್ನು ನಾನು ಕೊನೆಗಿಡುತ್ತೇನೆ. ಇದಕ್ಕೆ ಬೈಸಿಕೊಂಡಿದ್ದೇನೆ, ಆದರೂ ಅಭಿಪ್ರಾಯ ಬದಲಾಗಿಲ್ಲ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಕೊನೆಯ ಅಚ್ಚು 2010ರದು. 32 ಸಂಪುಟ, ತೂಕ ಸುಮಾರು 58 ಕೆಜಿ. ಎಂಬತ್ತು, ತೊಂಬತ್ತರ ದಶಕದ ಸೆಟ್‌ಗಳನ್ನು ಶಾಲೆಗಳು ಈಗ ಕೇಳಿದವರಿಗೆ ಕೊಟ್ಟುಬಿಡುತ್ತಿವೆ. ಚಿನ್ನದ ಅಕ್ಷರದ ಬೆನ್ನು ನೋಡಿ ಆಸೆಯಾಗುತ್ತದೆ. ಆದರೆ ಅದರಲ್ಲಿ ಮಾತ್ರ ಉಳಿದಿರುವುದು ಏನು? ಹೆಚ್ಚೇನೂ ಇಲ್ಲ. ಹೊಸದಕ್ಕೆ ಹೊಸದಲ್ಲ, ಹಳೆಯದಕ್ಕೆ ಹಳೆಯದಲ್ಲ. ಬ್ರಿಟಾನಿಕಾವೇ ಬೇಕು ಅಂದರೆ 1910–11ರ ಹನ್ನೊಂದನೇ ಆವೃತ್ತಿ ನೋಡಿ. ಮೊದಲ ಮಹಾಯುದ್ಧದ ಮುಂಚೆ ಇಂಗ್ಲಿಷ್ ಓದುಗರು ಲೋಕವನ್ನು ಹೇಗೆ ನೋಡುತ್ತಿದ್ದರು ಅನ್ನುವುದು ಅದರಲ್ಲಿ ಇಡಿಯಾಗಿ ಇದೆ.

ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ ಇದಕ್ಕೆ ಹೊರತು. ಮೊದಲ ಸಂಪುಟ 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ. ಅದರಲ್ಲಿ ವಿಜ್ಞಾನದ ಲೇಖನಗಳು ಹಳತಾಗಿವೆ, ನಿಜ. ಆದರೆ ಆ ವಿಷಯಗಳನ್ನು ಕನ್ನಡದಲ್ಲಿ ಮೊದಲ ಸಲ ಹೇಳಲು ಹೊರಟವರು ಯಾವ ಪದ ಕಟ್ಟಿದರು, ಯಾವ ಪದ ಬಿಟ್ಟರು, ವಾಕ್ಯ ಹೇಗೆ ತಿರುಗಿಸಿದರು ಅನ್ನುವುದು ಹಳತಾಗುವಂಥದ್ದಲ್ಲ. ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗಾಗಿ ಬರೆದ 'ಬಾಲ ಪ್ರಪಂಚ'ದ ಮೂರು ಸಂಪುಟಗಳಿಗೂ ಇದೇ ಮಾತು. ಅದು 1936ರದು. ಅದರ ಹಳೇ ಪ್ರತಿ ಯಾವುದಾದರೂ ಶಾಲೆಯ ಬೀರುವಿನಿಂದ ಹೊರಬಿದ್ದರೆ, ಬಿಡಿ ಸಂಪುಟವಾದರೂ ಸರಿ, ಎತ್ತಿಕೊಳ್ಳಿ.

ಅಸಲಿ ಪ್ರತಿ, ಮರುಮುದ್ರಣ, ಸ್ಕ್ಯಾನ್

ಇಂಟರ್ನೆಟ್ ಆರ್ಕೈವ್‌ನಲ್ಲಿ ರೈಸ್ ಇದೆ, ಕಿಟ್ಟೆಲ್ ಇದೆ, ಬಾಂಬೆ ಗೆಜೆಟಿಯರ್ ಇದೆ. ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾಲಯವೇ ಮುಕ್ತವಾಗಿ ಬಿಟ್ಟುಕೊಟ್ಟಿದೆ, ವಿಕಿಸೋರ್ಸ್‌ನಲ್ಲಿ ಓದಬಹುದು. ಹಾಗಿದ್ದರೆ ಧೂಳು ಹಿಡಿದ ಪ್ರತಿ ಯಾಕೆ ಬೇಕು?

ಹಲವು ಸಲ ಬೇಡ. ಒಂದೇ ಒಂದು ಲೇಖನ ಓದಬೇಕಾದರೆ ಸ್ಕ್ಯಾನ್ ಸಾಕು. ಕೊಳ್ಳುವ ಮೊದಲು ಸ್ಕ್ಯಾನ್ ತೆಗೆದು ನಿಮ್ಮ ಊರು ಅದರಲ್ಲಿ ಇದೆಯಾ ಅಂತ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ಸ್ಕ್ಯಾನ್ ಸೋಲುವುದು ಎರಡು ಕಡೆ. ಮೊದಲನೆಯದು ಮಡಚಿಟ್ಟ ನಕ್ಷೆ. ಸ್ಕ್ಯಾನ್ ಮಾಡಿದವರು ಎಷ್ಟೋ ಸಲ ನಕ್ಷೆಯನ್ನು ಬಿಡಿಸಿಯೇ ಇರುವುದಿಲ್ಲ, ಮಡಿಕೆಯ ಮೇಲ್ಭಾಗ ಮಾತ್ರ ಕಾಣುತ್ತದೆ. ಎರಡನೆಯದು ಹುಡುಕಾಟ. ಹಳೇ ಅಚ್ಚುಮೊಳೆಯ ಕನ್ನಡವನ್ನು, ಅದರಲ್ಲೂ ಒತ್ತಕ್ಷರಗಳನ್ನು, ಕಂಪ್ಯೂಟರ್ ಸರಿಯಾಗಿ ಗುರುತಿಸುವುದಿಲ್ಲ. ನಿಘಂಟಿನಲ್ಲಿ ಕೈಯಿಂದ ಪುಟ ಮಗುಚಿದಷ್ಟು ಬೇಗ ಸ್ಕ್ಯಾನ್‌ನಲ್ಲಿ ಸಿಗುವುದಿಲ್ಲ. ಹುಡುಕುವ ಪದದ ಹಿಂದಿನ ಮುಂದಿನ ಪದಗಳು ಕಣ್ಣಿಗೆ ಬೀಳುವುದೂ ಪುಸ್ತಕದಲ್ಲೇ. ನನಗೆ ಎಷ್ಟೋ ಒಳ್ಳೆಯ ಪದಗಳು ಹಾಗೆ ಸಿಕ್ಕಿವೆ.

ಮರುಮುದ್ರಣ ಅಂದರೆ ಸಾಮಾನ್ಯವಾಗಿ ಹಳೇ ಪುಟದ ಫೋಟೊ ತೆಗೆದು ಅಚ್ಚು ಹಾಕಿದ್ದು. ಪಠ್ಯ ಅದೇ, ಪುಟಸಂಖ್ಯೆ ಅದೇ. ಕಾಗದ ಹೊಸದು, ಹುಳದ ಕಾಟ ಕಡಿಮೆ. ದಿನನಿತ್ಯದ ಬಳಕೆಗೆ ನಿಘಂಟು ಬೇಕಾದರೆ ನಾನು ಮರುಮುದ್ರಣವನ್ನೇ ಆರಿಸುತ್ತೇನೆ. ಸಣ್ಣ ಅಕ್ಷರದ ಕಡೆ ಮಸಿ ತುಂಬಿಕೊಂಡಿದೆಯಾ ಅಂತ ಮಾತ್ರ ನೋಡಿ. ಅನುಸ್ವಾರ, ದೀರ್ಘ ಮುಚ್ಚಿಹೋಗಿದ್ದರೆ ಪದವೇ ಬದಲಾಗುತ್ತದೆ. ಗೆಜೆಟಿಯರ್ ವಿಷಯದಲ್ಲಿ ಉಲ್ಟಾ. ಮರುಮುದ್ರಣದಲ್ಲಿ ನಕ್ಷೆ, ಬಣ್ಣದ ಚಿತ್ರ ಕೈಬಿಟ್ಟಿರುವುದು ಜಾಸ್ತಿ. ಅಲ್ಲಿ ಅಸಲಿ ಪ್ರತಿಗೇ ನನ್ನ ಮತ.

ಇನ್ನು ಸೆನ್ಸಸ್ ಹ್ಯಾಂಡ್‌ಬುಕ್, ಇಲಾಖೆಯ ವರದಿ, ಜಿಲ್ಲಾ ಡೈರೆಕ್ಟರಿ ಇಂಥವನ್ನು ಯಾರೂ ಮರುಮುದ್ರಣ ಮಾಡುವುದಿಲ್ಲ. ಅಸಲಿ ಪ್ರತಿ ಸಿಕ್ಕಾಗ ಎತ್ತಿಕೊಳ್ಳಬೇಕು. ಸರ್ಕಾರಿ ಪ್ರಕಟಣೆಗೆ ನಮ್ಮಲ್ಲಿ ಹಕ್ಕುಸ್ವಾಮ್ಯ ಇರುವುದು ಪ್ರಕಟವಾದ ವರ್ಷದ ನಂತರ 60 ವರ್ಷ. ಅದು ಕಳೆದದ್ದಾದರೆ ನೀವೇ ಸ್ಕ್ಯಾನ್ ಮಾಡಿ ಹತ್ತು ಜನಕ್ಕೆ ಕೊಡಬಹುದು. ನಮ್ಮ ಹ್ಯಾಂಡ್‌ಬುಕ್ಕಿನ ಸಾಗರ ತಾಲ್ಲೂಕಿನ ಪುಟಗಳು ಈಗ ಮುಳುಗಡೆಯ ಎಷ್ಟೋ ಕುಟುಂಬಗಳ ಫೋನಿನಲ್ಲಿವೆ.

ಪೂರ್ತಿ ಸೆಟ್ಟೋ, ಬಿಡಿ ಸಂಪುಟವೋ

ಅಂಗಡಿಯವರು ಸೆಟ್ ಒಡೆಯಲು ಒಪ್ಪುವುದಿಲ್ಲ. ಕೊಳ್ಳುವವರಿಗೂ ಸೆಟ್ ಅಂದರೆ ಮೋಹ. ನನ್ನ ಮಾತು ಕೇಳಿದರೆ, ಅಕ್ಷರ ಕ್ರಮದಲ್ಲಿ ಇರುವುದನ್ನು ಸೆಟ್ಟಾಗಿ ತೆಗೆದುಕೊಳ್ಳಿ, ವಿಷಯವಾರು ಇರುವುದನ್ನು ಬಿಡಿಯಾಗಿ ತೆಗೆದುಕೊಳ್ಳಿ. 'ಪ'ದಿಂದ 'ಮ'ವರೆಗೆ ಇಲ್ಲದ ನಿಘಂಟು ಇಟ್ಟುಕೊಂಡರೆ ಬೇಕಾದ ಪದ ಯಾವಾಗಲೂ ಇಲ್ಲದ ಸಂಪುಟದಲ್ಲೇ ಇರುತ್ತದೆ.

ಹಯವದನರಾಯರದು ವಿಷಯವಾರು. ಮೊದಲ ಸಂಪುಟ ಸೀಮೆಯ ವರ್ಣನೆ, ಎರಡನೆಯದು ಇತಿಹಾಸ, ಮೂರು ಆರ್ಥಿಕ ವಿಷಯ, ನಾಲ್ಕು ಆಡಳಿತ, ಐದನೆಯದರಲ್ಲಿ ಜಿಲ್ಲೆಗಳು ಮತ್ತು ಊರುಗಳು. ಊರಿನ ವಿಷಯ ಬೇಕಾದವರಿಗೆ ಐದನೆಯದು ಒಂದೇ ಸಾಕು. ಸೆಟ್ಟೇ ಬೇಕು ಅನ್ನುವವರು ಒಂದು ಎಚ್ಚರ ವಹಿಸಬೇಕು. ಐದು ಸಂಪುಟ ಅಂತ ಹೇಳಿದರೂ ಎರಡನೆಯದು ನಾಲ್ಕು ಭಾಗಗಳಲ್ಲಿದೆ. ಅಂದರೆ ಎಣಿಸಿದರೆ ಎಂಟು ಪುಸ್ತಕ ಇರಬೇಕು. ಐದು ಎಣಿಸಿ ಹಣ ಕೊಟ್ಟು ಬಂದು, ಮನೆಗೆ ಹೋದ ಮೇಲೆ ಗೊತ್ತಾದವರು ಇದ್ದಾರೆ.

ನಮ್ಮ ಸೀಮೆಯ ಶಾಸನಗಳ ಪಾಠ ಕೊಡುವ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯಲ್ಲಿ ಇನ್ನೊಂದು ತೊಡಕು. ರೈಸ್ ಅವರ ಹಳೆಯ ಮಾಲೆ 12 ಸಂಪುಟ, ಮೊದಲನೆಯದು 1886ರ ಕೊಡಗು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಮಾಲೆ 1972ರಿಂದ ಶುರುವಾಯಿತು. ಎರಡರಲ್ಲೂ ಜಿಲ್ಲೆಗಳ ಸಂಪುಟ ಸಂಖ್ಯೆ ಬೇರೆ ಬೇರೆ. ಹಳೆಯದರಲ್ಲಿ ಹಾಸನ ಐದನೇ ಸಂಪುಟ, ಪರಿಷ್ಕೃತದಲ್ಲಿ ಎಂಟರಿಂದ ಮುಂದೆ. ಹಾಗಾಗಿ ಹಳೇ ಮಾಲೆಯ ಮೂರು, ಹೊಸ ಮಾಲೆಯ ನಾಲ್ಕು ಸೇರಿಸಿ 'ಸೆಟ್' ಅಂತ ಕೊಟ್ಟರೆ ಅದು ಸೆಟ್ಟಲ್ಲ. ನಿಮ್ಮ ತಾಲ್ಲೂಕಿನ ಶಾಸನ ಯಾವ ಸಂಪುಟದಲ್ಲಿದೆ ನೋಡಿ, ಅದೊಂದನ್ನು ತನ್ನಿ. ಪಾಠ ಶುದ್ಧವಾಗಿರುವುದು ಪರಿಷ್ಕೃತ ಮಾಲೆಯಲ್ಲಿ. ಹಳೆಯ ಪ್ರಬಂಧಗಳ ಅಡಿಟಿಪ್ಪಣಿ ಹಿಡಿದು ಹೊರಟವರಿಗೆ ಮಾತ್ರ ರೈಸ್ ಬೇಕಾಗುತ್ತದೆ.

ಎಲ್ಲಿ ಹುಡುಕುವುದು

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಪಠ್ಯಪುಸ್ತಕವೇ ಜಾಸ್ತಿ, ಆದರೆ ಅಡಿಯ ಸಾಲಿನಲ್ಲಿ ಕೈ ಹಾಕಿದರೆ ಒಮ್ಮೊಮ್ಮೆ ಸಿಗುತ್ತದೆ. ಚರ್ಚ್ ಸ್ಟ್ರೀಟ್ ಕಡೆಯ ಅಂಗಡಿಗಳಲ್ಲಿ ಆರಿಸಿ ಜೋಡಿಸಿರುತ್ತಾರೆ, ಬೆಲೆಯೂ ಹಾಗೇ ಇರುತ್ತದೆ. ನನಗೆ ಜಾಸ್ತಿ ಸಿಕ್ಕಿರುವುದು ಊರೂರಿನ ಗುಜರಿಯವರ ಹತ್ತಿರ. ಕಾಲೇಜು, ಹಳೇ ವಾಚನಾಲಯ ಮುಚ್ಚಿದಾಗ ಲಾಟು ಮೊದಲು ಹೋಗುವುದು ಅಲ್ಲಿಗೇ. ಅಲ್ಲಿ ತೂಕದ ಲೆಕ್ಕ. ಆದರೆ ತಡ ಮಾಡಿದರೆ ಪುಸ್ತಕ ಕಾಗದದ ಕಾರ್ಖಾನೆ ಸೇರಿರುತ್ತದೆ. ಒಬ್ಬ ಗುಜರಿಯವರಿಗೆ ನಂಬರ್ ಕೊಟ್ಟು, 'ದಪ್ಪ ಬೈಂಡಿಂಗ್ ಪುಸ್ತಕ ಬಂದರೆ ಒಂದು ಫೋನ್ ಮಾಡಿ ಅಣ್ಣಾ' ಅಂತ ಹೇಳಿಟ್ಟಿದ್ದೇನೆ. ಹತ್ತು ಅಂಗಡಿ ಸುತ್ತುವುದಕ್ಕಿಂತ ಅದು ವಾಸಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ದಾರಿ ಇದೆ. ಅಮೆರಿಕ ನಮಗೆ ಪಿಎಲ್ 480 ಕಾಯ್ದೆಯಡಿ ಗೋಧಿ ಮಾರಿ, ಹಣವನ್ನು ರೂಪಾಯಿಯಲ್ಲೇ ಪಡೆಯುತ್ತಿತ್ತು. ಆ ರೂಪಾಯಿಯ ಒಂದು ಪಾಲಿನಿಂದ 1962ರಿಂದ ಇಲ್ಲಿ ಅಚ್ಚಾದ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸಿದರು. ಕನ್ನಡ ಪುಸ್ತಕಗಳೂ ಹೋದವು. ಆ ಗ್ರಂಥಾಲಯಗಳು ಜಾಗ ಖಾಲಿ ಮಾಡುವಾಗ ಇವು ಆನ್‌ಲೈನ್ ಮಾರಾಟಕ್ಕೆ ಬರುತ್ತವೆ. ಅಲ್ಲಿನ ಗ್ರಂಥಾಲಯದ ಬೈಂಡಿಂಗ್ ಗಟ್ಟಿ, ಮಳೆಗಾಲದ ತೇವ ಇಲ್ಲ, ಪುಟ ಬೆಳ್ಳಗೆ ಉಳಿದಿರುತ್ತವೆ. ಅರವತ್ತರ ದಶಕದ ಪುಸ್ತಕದ ಅತಿ ಒಳ್ಳೆಯ ಪ್ರತಿ ಸಿಗುವುದು ಹಲವು ಸಲ ಅಲ್ಲೇ. ಸಾಗಣೆ ಖರ್ಚು ಮಾತ್ರ ಪುಸ್ತಕದ ಬೆಲೆ ಮೀರುತ್ತದೆ. ಅಲ್ಲಿರುವವರು ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರುವುದೇ ಸರಿ.

ಎಲ್ಲಿ ಕೊಂಡರೂ ಸೀಲು ನೋಡಿ. ನಮ್ಮ ಗ್ರಂಥಾಲಯಗಳಲ್ಲಿ ಪ್ರತಿ ಪುಸ್ತಕಕ್ಕೂ ಅಕ್ಸೆಷನ್ ನಂಬರ್, ಅಂದರೆ ಸೇರಿಸಿಕೊಂಡಾಗ ಕೊಟ್ಟ ಕ್ರಮಸಂಖ್ಯೆ, ಇರುತ್ತದೆ, ದಾಸ್ತಾನು ಪುಸ್ತಕದಲ್ಲಿ ನಮೂದಾಗಿರುತ್ತದೆ. ಕೈಬಿಟ್ಟಾಗ ರದ್ದು ಅಂತ ಸೀಲು ಹಾಕುತ್ತಾರೆ, ಇಲ್ಲವೇ ನಂಬರ್ ಹೊಡೆದು ಸಹಿ ಮಾಡುತ್ತಾರೆ. ಮೊದಲ ಪುಟ ಹರಿದಿದ್ದರೆ ಒಳಗೆ ನೋಡಿ. ಹಲವು ಗ್ರಂಥಾಲಯಗಳು ಒಳಗಿನ ಗೊತ್ತಾದ ಒಂದು ಪುಟದಲ್ಲೂ ಸೀಲು ಒತ್ತಿರುತ್ತವೆ. ಗ್ರಂಥಾಲಯದ ಸೀಲು ಇದ್ದು ರದ್ದಾದ ಗುರುತು ಎಲ್ಲೂ ಇಲ್ಲದಿದ್ದರೆ ಕೊಳ್ಳಬೇಡಿ. ಅದು ಕದ್ದದ್ದಾಗಿರಬಹುದು. ಆ ಗ್ರಂಥಾಲಯಕ್ಕೆ ಫೋನ್ ಮಾಡಿ ನಂಬರ್ ಹೇಳಿದರೆ ಅವರೇ ಹೇಳುತ್ತಾರೆ. 1894ರ ಕಿಟ್ಟೆಲ್‌ನಂಥ ಅಪರೂಪದ ಪುಸ್ತಕವಾದರೆ ಈ ಫೋನ್ ಮಾಡಲೇಬೇಕು.

ಎರಡು ಪ್ರತಿ ಇದ್ದರೆ ಯಾವುದು

ರೆಫರೆನ್ಸ್ ವಿಭಾಗದ ಪುಸ್ತಕವನ್ನು ಮನೆಗೆ ಕೊಡುವುದಿಲ್ಲ. ಬೆನ್ನಿನ ಮೇಲೆ ಇಂಗ್ಲಿಷಿನ 'ಆರ್' ಅಕ್ಷರ ಇರುತ್ತದೆ. ಹಾಗಾಗಿ ಎರವಲು ಹೋದ ಪ್ರತಿಗಿಂತ ಇದು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಇದಕ್ಕೆ ಬೀಳುವ ಪೆಟ್ಟು ಬೇರೆ. ಜೆರಾಕ್ಸ್ ಯಂತ್ರದ ಮೇಲೆ ಅಂಗಾತ ಒತ್ತಿ ಒತ್ತಿ ಬೆನ್ನು ಮುರಿದಿರುತ್ತದೆ. ಪುಸ್ತಕವನ್ನು ಮೇಜಿನ ಮೇಲಿಟ್ಟು ಸುಮ್ನೆ ಬಿಡಿ. ಯಾವ ಪುಟಕ್ಕೆ ತಾನೇ ತೆರೆದುಕೊಳ್ಳುತ್ತದೋ ಅಲ್ಲಿ ಹೊಲಿಗೆ ನೋಡಿ. ಬ್ಲೇಡಿನಿಂದ ಚಿತ್ರ ಕತ್ತರಿಸಿರುವುದೂ ಉಂಟು. ವಿಶ್ವಕೋಶದಲ್ಲಿ ಬಣ್ಣದ ಪುಟಗಳನ್ನು ಒಂದೊಂದೇ ಎಣಿಸಿ.

ಗೆಜೆಟಿಯರ್ ಆದರೆ ಹಿಂದಿನ ರಟ್ಟಿನ ಒಳಗೆ ನಕ್ಷೆಯ ಜೇಬು ಇರುತ್ತದೆ. ನಾನೊಮ್ಮೆ ದೂರದ ಊರಿನಿಂದ ಒಂದು ಜಿಲ್ಲಾ ಗೆಜೆಟಿಯರ್ ತರಿಸಿಕೊಂಡೆ. 'ನಕ್ಷೆ ಇದೆ' ಅಂತ ಮಾರಿದವರು ಹೇಳಿದ್ದರು. ಜೇಬು ಇತ್ತು, ಒಳಗೆ ನಕ್ಷೆ ಇರಲಿಲ್ಲ. ಬಹಳ ಬೇಜಾರಾಯಿತು. ಈಗ ನಕ್ಷೆ ಬಿಡಿಸಿ ಹರಡಿದ ಫೋಟೊ ಕಳಿಸದೆ ಯಾರಿಗೂ ಹಣ ಹಾಕುವುದಿಲ್ಲ.

ಮರು ಬೈಂಡಿಂಗ್ ಆಗಿದ್ದರೆ ಅಂಚು ನೋಡಿ. ಬೈಂಡರ್‌ಗಳು ಮೂರೂ ಕಡೆ ಕತ್ತರಿಸಿ ನಯ ಮಾಡುತ್ತಾರೆ. ಎರಡು ಸಲ ಬೈಂಡ್ ಆದ ಪುಸ್ತಕದಲ್ಲಿ ಕೆಲವೊಮ್ಮೆ ಸಾಲಿನ ಕೊನೆಯ ಅಕ್ಷರವೇ ಹೋಗಿರುತ್ತದೆ. ಒಳರಟ್ಟಿನ ಅಂಚಿನಲ್ಲಿ ಹಸಿರು-ನೀಲಿ ಕಲೆ ಕಂಡರೆ ಗಾಬರಿ ಬೇಡ. ಹುಳ ಬಾರದಿರಲಿ ಅಂತ ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು, ಅದರ ಗುರುತು ಅದು. ಪುಟದ ಮೂಲೆ ಸ್ವಲ್ಪ ಮಡಚಿದರೆ ಹಪ್ಪಳದಂತೆ ಮುರಿಯುತ್ತದಾ? ಹಾಗಿದ್ದರೆ ಆ ಪ್ರತಿ ಹೆಚ್ಚು ಕಾಲ ಬಾಳುವುದಿಲ್ಲ. ಬೇರೆಲ್ಲೂ ಸಿಗದ ಪುಸ್ತಕವಾದರೆ ಮಾತ್ರ ತಂದು, ಮೊದಲು ಸ್ಕ್ಯಾನ್ ಮಾಡಿ.

ವಾಸನೆಯನ್ನೂ ನೋಡಬೇಕು. ಹಳೇ ಕಾಗದದ ವಾಸನೆ ಒಣಗಿದ್ದು, ಸ್ವಲ್ಪ ಸಿಹಿ. ಬೂಷ್ಟಿನ ವಾಸನೆ ಮೂಗಿಗೆ ಹಿಡಿಯುತ್ತದೆ. ಬೂಷ್ಟು ಹಿಡಿದದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ, ಮನೆಯಲ್ಲಿರುವ ಬೇರೆ ಪುಸ್ತಕಕ್ಕೂ ಹರಡುತ್ತದೆ. ಹುಳದ ತೂತು ಹಳೆಯದಾದರೆ ಅಡ್ಡಿಯಿಲ್ಲ. ಪುಸ್ತಕ ಕೊಡವಿದಾಗ ಹೊಸ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ ಅಂತ ಅರ್ಥ. ಅಂಥದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಎರಡು ವಾರ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಪುಟದ ಮೇಲೆ ನೀರು ಕೂರುತ್ತದೆ. ಬಿಸಿಲಿಗೆ ಹರಡುವ ನಮ್ಮ ಹಳೇ ರೂಢಿ ಕಾಗದಕ್ಕೆ ಒಳ್ಳೆಯದಲ್ಲ. ನೆರಳಿನಲ್ಲಿ, ಫ್ಯಾನಿನ ಕೆಳಗೆ ಆರಿಸಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ, ಕೆಲವು ವರ್ಷದಲ್ಲಿ ಕಂದು ಬಣ್ಣಕ್ಕೆ ತಿರುಗಿ ಅಕ್ಷರ ನುಂಗುತ್ತದೆ. ಗೋಡೆಗೆ ತಾಗಿಸಿ ಬೀರು ಇಡಬೇಡಿ. ಮಲೆನಾಡಿನ ಮನೆಯಾದರೆ ನಾಲ್ಕು ಬೆರಳು ಜಾಗ ಬಿಡಿ, ಗೆದ್ದಲು ಬರುವುದು ಗೋಡೆಯ ಕಡೆಯಿಂದಲೇ.